ತಳ ಕೊರೆದು ಕೂರಿಸಿದ ಟ್ರಾನ್ಸ್‌ಡ್ಯೂಸರ್: ಆಳವೇ ಬರ್ತಾ ಇಲ್ಲ, ಯಾರಾದರೂ ಹೇಳಿ

ಅಳಿವೆಬಾಗಿಲು:
ತಲೆ ಕೆಟ್ಟು ಹೋಗಿದೆ. ಶಬ್ದ ಬಿಟ್ಟು ಪ್ರತಿಧ್ವನಿಯಿಂದ ನೀರಿನ ಆಳ ಅಳೆಯುವ ಹಳೇ ಸೆನ್ಸರ್ (ಟ್ರಾನ್ಸ್‌ಡ್ಯೂಸರ್) ದೋಣಿಯ ಹಿಂಬದಿಯಲ್ಲಿತ್ತು, ಬಲೆ ಸಿಕ್ಕಿ ಕಿತ್ತು ಹೋಯ್ತು. ಈ ಸಲ ತಳಕ್ಕೇ ತೂತು ಕೊರೆಸಿ ದುಬಾರಿ ಕಂಚಿನದ್ದು ಹಾಕಿಸಿದೆ. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿದ್ದಾಗಲೇ ಕೆಲಸ ಮುಗಿಯಿತು. ಈಗ ಮಲ್ಪೆಯಿಂದ ಹೊರಗೆ ಹೋದರೆ ಪರದೆಯಲ್ಲಿ ಆಳದ ಅಂಕಿ ಮಿಣಮಿಣ ಅಂದು ಮಾಯ. ಅಂಗಡಿಯವರು ‘ಸೆಟ್ಟಿಂಗ್ ನೋಡಿ’ ಅಂತಾರೆ. ಎಂತ ಸೆಟ್ಟಿಂಗ್?

ಬಂಗುಡೆಪ್ರಿಯ:
ಮಾರಾಯ್ರೆ, ದೋಣಿ ಮರದ್ದೋ ಫೈಬರೋ? ಎಂಜಿನ್ ಎಷ್ಟರದ್ದು? ಎಲ್ಲಿ ಕೊರೆಸಿದ್ರಿ?

ಅಳಿವೆಬಾಗಿಲು:
ಫೈಬರ್. 40ರ ಔಟ್‌ಬೋರ್ಡ್. ಎಲ್ಲರೂ ಕೂರಿಸುವ ಜಾಗದಲ್ಲೇ.

ಗಾಳಿಮರೆ:
ಗುಳ್ಳೆ. ನೂರಕ್ಕೆ ನೂರು ಗುಳ್ಳೆ. ಸೆನ್ಸರ್ ಮುಖದ ಕೆಳಗೆ ಗಾಳಿ ಹಾದರೆ ಶಬ್ದ ನೀರಿಗೆ ಇಳಿಯೋದೇ ಇಲ್ಲ. ತಳದ ಉದ್ದಪಟ್ಟಿಯ ಹಿಂದೆ ಕೂರಿಸಿದರೆ ಹೀಗೇ ಆಗೋದು. ಹಿಂಭಾಗದಲ್ಲಿ, ಏರಾಗಾಲಿಗೆ (ತಳದ ನಡುವಿನ ಉದ್ದನೆ ಬೆನ್ನೆಲುಬು) ಹತ್ತಿರ, ಬಲಗಡೆ ಇರಬೇಕು. ಮಾಮೂಲಿ ಫ್ಯಾನ್‌ನ (ಪ್ರೊಪೆಲ್ಲರ್) ರೆಕ್ಕೆ ಆ ಕಡೆ ಕೆಳಗಿಳಿಯುತ್ತೆ, ಗುಳ್ಳೆ ಕಮ್ಮಿ.

ಅಳಿವೆಬಾಗಿಲು:
ಬಲಗಡೆಯೇ ಇದೆ. ಮುಂದೆ ಪಟ್ಟಿಯೂ ಇಲ್ಲ.

ಗಾಳಿಮರೆ:
ಆದರೂ ಗುಳ್ಳೆಯೇ. ಹೊಸ ಸೆನ್ಸರಿನ ಮುಖಕ್ಕೆ ಜಿಡ್ಡು ಇದ್ದರೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಮೆತ್ತಗೆ ಒರೆಸಿ. ಥಿನ್ನರ್ ಮುಟ್ಟಿಸಬೇಡಿ.

ರೆಸಿನ್‌ಭಟ್ಟ:
ಅದಿರಲಿ, ತೂತಿಗೆ ಏನು ಹಚ್ಚಿದ್ರು? ಬಾತ್‌ರೂಮ್ ಸಿಲಿಕೋನ್ ಆದರೆ ಈಗಲೇ ಹೇಳಿ. ತಳದ ಒಳಗೆ ಫೋಮ್ ಇದ್ದರೆ ತೂತಿನ ಸುತ್ತ ಅದನ್ನು ಕೆರೆದು ಎಪಾಕ್ಸಿ ತುಂಬಿಸಬೇಕು. ಇಲ್ಲದಿದ್ದರೆ ನಟ್ ಬಿಗಿ ಮಾಡಿದಾಗ ಒಳಗಿಂದೊಳಗೇ ಕುಸಿಯುತ್ತೆ.

ಅಳಿವೆಬಾಗಿಲು:
ಫೋಮ್ ಇಲ್ಲ, ಗಟ್ಟಿ ಫೈಬರ್. ಹಚ್ಚಿದ್ದು ದೋಣಿಗೆ ಹಾಕುವ 5200 ಅಂಟು.

ರೆಸಿನ್‌ಭಟ್ಟ:
ಅಯ್ಯೋ! ಅದು ಒಣಗಿದ ಮೇಲೆ ಬಿಡಿಸೋದು ದೇವರಿಗೇ ಪ್ರೀತಿ. ಬಿಡಿಸಲು ಬರುವ 4200 ಅಂಟು ಸಾಕಿತ್ತು.

ಗಾಳಿಮರೆ:
ಭಟ್ರೇ, ನೀರಿನ ಕೆಳಗಿನ ತೂತಿಗೆ ಗಟ್ಟಿಯಾದ್ದೇ ಬೇಕು. ದೋಣಿ ಮುಳುಗಿದ ಮೇಲೆ ಬಿಡಿಸೋಕೆ ಸುಲಭ ಆಯ್ತು ಅಂತ ಖುಷಿಪಡ್ತೀರಾ?

ರೆಸಿನ್‌ಭಟ್ಟ:
4200 ಹಚ್ಚಿದ ಯಾವ ದೋಣಿ ಮುಳುಗಿದೆ, ಒಂದು ತೋರಿಸಿ.

ಕಾರವಾರಕಿಂಗ್:
ನಮ್ಮದು 12 ಇಂಚಿನ ಪರದೆ, 1 ಕಿಲೋವ್ಯಾಟ್, ಚರ್ಪ್ (ಆವರ್ತನ ಬದಲಿಸುತ್ತಾ ಶಬ್ದ ಬಿಡುವ ಸೆಟ್). ಬಂಗುಡೆ ಹಿಂಡು ಕೆಂಪು ಮೋಡದ ಹಾಗೆ ಕಾಣುತ್ತೆ. ಚಿಕ್ಕ ಸೆಟ್‌ಗಳಲ್ಲಿ ಇವೆಲ್ಲ ತಲೆನೋವು ಇದ್ದದ್ದೇ.

ಸೀಸದಗುಂಡು:
ಅಳಿವೆಬಾಗಿಲು ಅವರೇ, ಎಂಜಿನ್ ಆಫ್ ಮಾಡಿ ಸುಮ್ನೆ ತೇಲುವಾಗಲೂ ಅಂಕಿ ಹೋಗುತ್ತಾ?

ಅಳಿವೆಬಾಗಿಲು:
ಹೌದು. ದ್ವೀಪ ದಾಟಿ ಆಳ ಜಾಸ್ತಿ ಆದ ಮೇಲೆ ನಿಂತಲ್ಲೇ ಹೋಗುತ್ತೆ. ಹತ್ತಿರದ ನೀರಲ್ಲಿ ಬರುತ್ತೆ, ಒಂದೆರಡು ಮೀಟರ್ ಹೆಚ್ಚು ತೋರಿಸುತ್ತೆ ಅಷ್ಟೆ. ಹಗ್ಗ ಬಿಟ್ಟು ನೋಡಿದರೆ 8, ಪರದೆಯಲ್ಲಿ 10.

ಸೀಸದಗುಂಡು:
ಇದನ್ನು ಮೊದಲೇ ಹೇಳಬಾರದಿತ್ತಾ! ನಿಂತಲ್ಲೇ ಹೋದರೆ ಗುಳ್ಳೆಯ ಮಾತು ಅಲ್ಲಿಗೆ ಮುಗಿಯಿತು. ಸೆನ್ಸರ್ ಇರೋದೇ ನೀರಿನ ಮಟ್ಟದ ಕೆಳಗೆ. ಹಾಗಾಗಿ ಹಗ್ಗದ ಅಳತೆಗಿಂತ ಸ್ವಲ್ಪ ಕಮ್ಮಿ ತೋರಿಸಬೇಕು, ಜಾಸ್ತಿ ಅಲ್ಲ. ಶಬ್ದ ಓರೆಯಾಗಿ ಹೋಗ್ತಾ ಇದೆ. ನಿಮ್ಮದು ತಳದ ಇಳಿಜಾರಿಗೆ ಸರಿಹೊಂದಲು ಒಳಗೇ 20 ಡಿಗ್ರಿ ಓರೆ ಮಾಡಿಟ್ಟ ಮಾಡೆಲ್ಲಾ?

ಗಾಳಿಮರೆ:
ಅಳಿವೆಯ ಸಿಹಿನೀರು ಬೆರೆತರೆ ಶಬ್ದದ ವೇಗ ಬದಲಾಗುತ್ತೆ. ಅದಕ್ಕೂ ಹೆಚ್ಚುಕಮ್ಮಿ ಬರುತ್ತೆ.

ಸೀಸದಗುಂಡು:
ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್. ಸಿಹಿನೀರಲ್ಲಿ ನೂರಕ್ಕೆ ಎರಡೋ ಮೂರೋ ಕಮ್ಮಿ. ಎಂಟು ಹತ್ತಾಗಲ್ಲ.

ಅಳಿವೆಬಾಗಿಲು:
ಡಬ್ಬಿ ಮೇಲೆ 20 ಅಂತ ಇದೆ. ತಳದ ಇಳಿಜಾರೂ ಅಷ್ಟೇ.

ಸೀಸದಗುಂಡು:
ಹಾಗಾದರೆ ದೋಣಿಯ ಒಳಗಿಂದ ಟಾರ್ಚ್ ಬಿಟ್ಟು ನೋಡಿ. ಸೆನ್ಸರಿನ ತಲೆ ಮೇಲೆ ಬಾಣದ ಗುರುತು ಇರುತ್ತೆ. ಅದು ಏರಾಗಾಲಿನ ಕಡೆಗೆ ಇರಬೇಕು. ಹೊರಗಡೆಗೆ ತಿರುಗಿದ್ದರೆ ತಳದ 20, ಸೆನ್ಸರಿನ 20 ಎರಡೂ ಸೇರಿ 40 ಡಿಗ್ರಿ ಓರೆ. ಶಬ್ದ ಪಕ್ಕಕ್ಕೆ ದೂರ ಹೋಗಿ ನೆಲ ಮುಟ್ಟುತ್ತೆ, ಅದಕ್ಕೇ ಅಂಕಿ ಹೆಚ್ಚು. ಆಳ ಜಾಸ್ತಿ ಆದರೆ ಪ್ರತಿಧ್ವನಿ ವಾಪಸ್ ಬರೋದೇ ಇಲ್ಲ.

ಅಳಿವೆಬಾಗಿಲು:
ಬಾಣ ಇದೆ. ದೋಣಿಯ ಅಂಚಿನ ಕಡೆಗೆ. ಕೂರಿಸಿದವನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ನೀರಲ್ಲೇ ನಟ್ ಸಡಿಲಿಸಿ ತಿರುಗಿಸಬಹುದಾ?

ಸೀಸದಗುಂಡು:
ಬೇಡವೇ ಬೇಡ. ಅಂಟು ಬಿಟ್ಟರೆ ತೂತಿನಿಂದ ನೀರು ನುಗ್ಗುತ್ತೆ. ದೋಣಿ ಮೇಲೆ ಎಳೆಸಿ. ಅಂಟಿನ ಗೆರೆಗೆ ತೆಳು ಬ್ಲೇಡ್ ಹಾಕಿ ನಿಧಾನಕ್ಕೆ ಕೊಯ್ಯಬೇಕು. ಕೇಬಲ್ ಮಾತ್ರ ಕತ್ತರಿಸಬೇಡಿ.

ರೆಸಿನ್‌ಭಟ್ಟ:
4200 ಆಗಿದ್ದರೆ ಅರ್ಧ ಗಂಟೆ ಕೆಲಸ. ಸುಮ್ನೆ ಹೇಳಿದೆ.

ಗಾಳಿಮರೆ:
ಎಳೆಸಿದಾಗ ಮುಖ ಸೋಪಿನಲ್ಲಿ ತೊಳೆಯೋದು ಮರೀಬೇಡಿ.

ಕಾರವಾರಕಿಂಗ್:
ನನ್ನ ಹಳೇ 7 ಇಂಚಿನ ಪರದೆ ಕೊಡೋದಿದೆ. ಬೇಕಾದವರು ಮೆಸೇಜ್ ಮಾಡಿ. ಚೌಕಾಸಿ ಇಲ್ಲ.