ಸಹಾಯ ಬೇಕು: ಹಳೇ ರಾಕ್ ಬ್ಯಾಂಡ್‌ಗೆ ಹೊಸ ಟ್ಯೂನಿಂಗ್

ಬೆಂಗಳೂರಲ್ಲಿ ಬ್ಯಾಂಡ್ ಮತ್ತೆ ಕೂಡುತ್ತಿದೆ. ಗಾಯಕ, ಡ್ರಮ್ಸ್, ಬೇಸ್ ಹಳಬರು. ಗಿಟಾರ್, ಕೀಬೋರ್ಡ್ ಹೊಸಬರು. ಡೀಪ್ ಪರ್ಪಲ್ ಹಾಡುಗಳ ಮೇಲಿನ ಸ್ವರ ಗಾಯಕರಿಗೆ ಈಗ ಎಟುಕುತ್ತಿಲ್ಲ. ಹಾಗಾಗಿ ಎಲ್ಲರೂ ಅರ್ಧ ಸ್ವರ ಇಳಿದು ಇ-ಫ್ಲಾಟ್‌ಗೆ ಬರೋದು ಅಂತಾಗಿದೆ. (ಗನ್ಸ್ ಎನ್ ರೋಸಸ್‌ನವರೂ ಹಾಗೇ ನುಡಿಸೋದು, ನಾಚಿಕೆಯೇನಿಲ್ಲ.)

ಕೀಬೋರ್ಡ್‌ಗೆ ಟ್ರಾನ್ಸ್‌ಪೋಸ್ -1 ಒತ್ತಿದರೆ ಮುಗೀತು. ತಲೆನೋವು ಫ್ಲಾಯ್ಡ್ ರೋಸ್ (ತಂತಿ ಹಿಡಿಯೋ ಬ್ರಿಡ್ಜ್, ಹಿಂದಿನ ಸ್ಪ್ರಿಂಗ್‌ಗಳ ಸಮತೋಲದಲ್ಲಿ ತೇಲುತ್ತೆ) ಇರೋ ಗಿಟಾರ್‌ದು. 9-42 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಸಡಿಲಿಸಿದ ಕೂಡಲೇ ಹಿಂದಿನ ಸ್ಪ್ರಿಂಗ್‌ಗಳ ಎಳೆತ ಗೆದ್ದು ಬ್ರಿಡ್ಜ್ ಒಳಕ್ಕೆ ಕೂರುತ್ತದೆ, ತಂತಿ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. 10-46 ಹಾಕಿದರೆ ಬಿಗಿ ಸ್ವಲ್ಪ ಹೆಚ್ಚೇ ಆಗಿ, ಸ್ಪ್ರಿಂಗ್ ಹಿಡಿದಿರೋ ಎರಡು ಸ್ಕ್ರೂ ತಿರುಗಿಸಬೇಕು. 9.5-44 ಆದರೆ ಎಳೆತ ಹೆಚ್ಚುಕಮ್ಮಿ ಮೊದಲಿನಷ್ಟೇ.

ಈ 9.5-44 ತಂತಿ ಸೆಟ್ ನಗರದಲ್ಲಿ ಎಲ್ಲಿ ಸಿಗುತ್ತೆ? ಫ್ಲಾಯ್ಡ್ ರೋಸ್ ಸೆಟಪ್ ಮಾಡಿ ಕೈ ಪಳಗಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.