ಮರು: ಎಸಿ ವಿವರಕ್ಕೆ ಕನ್ನಡ ಪದ ಬೇಕು, ನಾಳೆಯೊಳಗೆ

> ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಮೂರು ಮಹಡಿಯ ಅಂಗಡಿ ಕಟ್ಟಡ. ಎಸಿ ಕೂರಿಸುವ ವಿವರ ಮಾಲೀಕರಿಗೆ ಕನ್ನಡದಲ್ಲೇ ಬೇಕಂತೆ. ‘ಹವಾನಿಯಂತ್ರಣ’ ಸರಿಯೇ? ‘20 ಟನ್’ ಅಂತ ಬರೆದದ್ದಕ್ಕೆ, ತಾರಸಿ ಅಷ್ಟು ಭಾರ ತಡೆಯುತ್ತಾ ಅಂತ ಕೇಳುತ್ತಿದ್ದಾರೆ.

>> ‘ಹವಾ’ ಕನ್ನಡವೇ ಅಲ್ಲ. ‘ತಂಗಾಳಿ’ ಅನ್ನಿ. ಮುಗೀತು.

ಮುಗಿದಿಲ್ಲ ಸಾರ್.

‘ಹವಾ’ ಅರಬ್ಬಿ ಮೂಲದ್ದು, ಒಪ್ಪಿದೆ. ‘ಅರ್ಜಿ’ಯೂ ಅರಬ್ಬಿ, ‘ಜಮೀನು’ ಪಾರಸಿ. ಇವೆರಡನ್ನೂ ಬಿಟ್ಟು ತಾಲ್ಲೂಕು ಕಚೇರಿಯಲ್ಲಿ ಒಂದು ಕೆಲಸ ಮಾಡಿಸಿಕೊಂಡು ಬನ್ನಿ ನೋಡೋಣ. ನನ್ನ ತಕರಾರು ‘ನಿಯಂತ್ರಣ’ದ ಮೇಲೆ. ‘ತಂಗಾಳಿ’ ಚೆಂದದ ಪದ, ತಣ್ಣೀರಿನಲ್ಲಿರುವ ‘ತಣ್’ ಅಲ್ಲೂ ಇದೆ. ಆದರೆ ಅದು ನಂದಿ ಬೆಟ್ಟದ ಮೇಲೆ ತಾನಾಗೇ ಬೀಸುವ ಗಾಳಿ. ಯಂತ್ರದ ಕೆಲಸ ಬೇರೆ.

ಆ ಕೆಲಸ ತಂಪಿಗಾಗಿ ಶುರುವಾದದ್ದೇ ಅಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಅದಕ್ಕೆ ಪರಿಹಾರ ಹುಡುಕಿದರು. 1906ರಲ್ಲಿ ‘ಏರ್ ಕಂಡೀಷನಿಂಗ್’ ಎಂದು ಹೆಸರಿಟ್ಟ ಸ್ಟುವರ್ಟ್ ಕ್ರೇಮರ್ ಬಟ್ಟೆ ಗಿರಣಿಗಳ ಎಂಜಿನಿಯರು. ಗಿರಣಿಯಲ್ಲಿ ನೂಲಿಗೆ ಬೇಕಾದಷ್ಟು ತೇವ ಕೂಡಿಸುವುದಕ್ಕೆ ‘ಕಂಡೀಷನಿಂಗ್’ ಅನ್ನುತ್ತಿದ್ದರು.

‘ನಿಯಂತ್ರಣ’ ಅಂದರೆ ಬರೀ ಹಿಡಿತ. ಬೇಕಾದ ಸ್ಥಿತಿಗೆ ತರೋದಕ್ಕೆ ನಮ್ಮಲ್ಲಿ ಪದ ಇದೆ: ಹದ. ಮಳೆ ಬಿದ್ದ ಮೇಲೆ ಹೊಲ ಹದಕ್ಕೆ ಬಂತು ಅಂತೀವಿ. ತೊಗಲು ಹದ ಮಾಡ್ತೀವಿ. ನಾನು ಶಿಡ್ಲಘಟ್ಟದ ಕಡೆಯವನು. ಬೇಸಿಗೆಯಲ್ಲಿ ಅಮ್ಮ ರೇಷ್ಮೆ ಹುಳು ಸಾಕುವ ಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದರು. ಸೆಕೆ ಇಳಿಯಬೇಕು, ತೇವ ಏರಬೇಕು, ಇಲ್ಲದಿದ್ದರೆ ಸೊಪ್ಪು ಬಾಡಿ ಹುಳು ಮೇಯೋದಿಲ್ಲ. ಗಾಳಿ ಹದ ಮಾಡೋದು ಅಂದರೆ ಅದೇ ಅಲ್ವಾ?

ಹಾಗಾಗಿ ತಲೆಬರಹ ‘ಗಾಳಿ ಹದ ಮಾಡುವ ಏರ್ಪಾಡು’ ಎಂದಿರಲಿ. ಬಾಗಿಲ ಬೋರ್ಡಿಗೆ ‘ಎಸಿ ಕೋಣೆ’ ಸಾಕು. ಡಕ್ಟ್ (ಗಾಳಿ ಹಾಯುವ ಕೊಳವೆ), ಕಂಪ್ರೆಸರ್ ಅನ್ನೋ ಪದಗಳು ಹಾಗೇ ಇರಲಿ, ಕೂರಿಸುವ ಹುಡುಗರ ಬಾಯಲ್ಲಿ ಇರುವುದು ಅವೇ. ಡಕ್ಟಿಗೆ ‘ವಾಯುನಾಳ’ ಬೇಡವೇ ಬೇಡ.

ಇನ್ನು ಟನ್. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಲೆಕ್ಕ. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ತೆಗೆಯುವ ಶಕ್ತಿಯೇ ಒಂದು ಟನ್. ಈಗಿನ ಅಳತೆಯಲ್ಲಿ ಸುಮಾರು 3.5 ಕಿಲೋವ್ಯಾಟ್. ‘ತಂಪಿನ ಟನ್’ ಅಂತ ಬರೆಯಿರಿ: ‘20 ತಂಪಿನ ಟನ್, ಸುಮಾರು 70 ಕಿಲೋವ್ಯಾಟ್ ಶಾಖ ತೆಗೆಯುತ್ತದೆ’. ಕಿಲೋವ್ಯಾಟ್ ನೋಡಿ ಕರೆಂಟ್ ಬಿಲ್ ಅಂದುಕೊಂಡಾರು, ‘ಶಾಖ’ ಅನ್ನೋದನ್ನು ಬಿಡಬೇಡಿ. ಎಳೆಯುವ ಕರೆಂಟು ಅದಕ್ಕಿಂತ ಎಷ್ಟೋ ಕಡಿಮೆ.

ಮಾಲೀಕರು ಕೇಳಿದ್ದು ತಪ್ಪೇನಲ್ಲ. ಹೊರಗಿನ ಯೂನಿಟ್ಟುಗಳು ಕೂರುವುದು ತಾರಸಿ ಮೇಲೇ ತಾನೇ? ಅವುಗಳ ನಿಜವಾದ ತೂಕ ಕಿಲೋದಲ್ಲಿ, ಬೇರೆ ಸಾಲಿನಲ್ಲಿ ಬರೆದುಕೊಡಿ.