‘ರೆಡ್ ಫ್ಲ್ಯಾಗ್ ವಾರ್ನಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಬೇಗ ಬೇಕಾಗಿದೆ.

ನಾವಿರುವುದು ಅಮೆರಿಕದ ಕೊಲರಾಡೊದಲ್ಲಿ, ರಾಕಿ ಬೆಟ್ಟಸಾಲಿನ ಪೂರ್ವದ ಬುಡದಲ್ಲಿ, ಬೌಲ್ಡರ್ ಹತ್ತಿರ. ಗಾಳಿ ಜೋರಾಗಿದ್ದು ಹವೆ ಪೂರಾ ಒಣಗಿದ ದಿನ ಇಲ್ಲಿನ ಹವಾಮಾನ ಇಲಾಖೆ ‘ರೆಡ್ ಫ್ಲ್ಯಾಗ್ ವಾರ್ನಿಂಗ್’ ಕೊಡುತ್ತದೆ. ಇವತ್ತು ಬೆಂಕಿ ಬಿದ್ದರೆ ಹಿಡಿಯಲಾಗದು ಅನ್ನುವ ಎಚ್ಚರಿಕೆ ಅದು. ನಮ್ಮ ಕಡೆಯ ಲೆಕ್ಕ ಹೀಗೆ: ಹುಲ್ಲು, ಪೊದೆ ಒಣಗಿರಬೇಕು. ಗಾಳಿಯಲ್ಲಿ ತೇವಾಂಶ ಶೇ. 15 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಗಾಳಿಯ ರಭಸ ಗಂಟೆಗೆ 40 ಕಿ.ಮೀ. ದಾಟಬೇಕು. ಇದೆಲ್ಲ 3 ಗಂಟೆಯಾದರೂ ಹಾಗೇ ಇರಬೇಕು.

ಊರಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು ಇಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವರಷ್ಟೇ. ಅವರಿಗಾಗಿ ಒಂದು ಪುಟದ ಕನ್ನಡ ಚೀಟಿ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ತಡವರಿಸುತ್ತಿದ್ದೇನೆ.

‘ಕೆಂಪು ಬಾವುಟದ ಎಚ್ಚರಿಕೆ’ ಅಂತ ಬರೆದು ನೋಡಿದೆ. ಕೆಂಪು ಬಾವುಟ ಅಂದರೆ ನಮ್ಮವರ ಕಣ್ಣಿಗೆ ಬರುವುದು ಕಾರ್ಮಿಕರ ಮೆರವಣಿಗೆ, ಇಲ್ಲವೇ ನಿಲ್ಲುವ ರೈಲು. ‘ರೆಡ್ ಅಲರ್ಟ್’ ಅಂದರೆ ಇನ್ನೂ ಎಡವಟ್ಟು. ಮೊನ್ನೆ ಫೋನಿನಲ್ಲಿ ಎಚ್ಚರಿಕೆ ಬಂದಾಗ ನಾನು ಬಾಯಿತಪ್ಪಿ ಅದನ್ನೇ ಹೇಳಿದೆ. ಅಮ್ಮ ತಟ್ಟನೆ ಎದ್ದು ಹೊರಗೆ ಒಣಹಾಕಿದ್ದ ಬಟ್ಟೆ ತರಲು ಹೊರಟರು. “ಎಷ್ಟು ಮಳೆ ಬರತ್ತಂತೆ?” ಅಂದರು. ಅಮ್ಮ ತೀರ್ಥಹಳ್ಳಿ ಕಡೆಯವರು. ಅವರಿಗೆ ರೆಡ್ ಅಲರ್ಟ್ ಅಂದರೆ ಆಷಾಢದ ಮಳೆ, ಶಾಲೆಗೆ ರಜೆ. ಪತ್ರಿಕೆಗಳಲ್ಲಿ ಬಳಸಿ ಬಳಸಿ ಅದು ಮಳೆಯ ಪದವೇ ಆಗಿಬಿಟ್ಟಿದೆ, ಅಲ್ವಾ?

‘ಕಾಡ್ಗಿಚ್ಚಿನ ಎಚ್ಚರಿಕೆ’ ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು. ಪದ ಚೆನ್ನಾಗಿದೆ, ಹಳೆಯದು. ಆದರೆ ಹಾಗೆಂದರೆ ಬೆಂಕಿ ಆಗಲೇ ಬಿದ್ದಿದೆ ಅನ್ನಿಸುತ್ತದೆ. ಈ ಎಚ್ಚರಿಕೆ ಹೇಳುವುದು ಬೇರೆ: ಬೆಂಕಿ ಇನ್ನೂ ಬಿದ್ದಿಲ್ಲ, ಬಿದ್ದರೆ ಹಿಡಿಯಲಾಗದು. ಜೊತೆಗೆ ‘ಕಾಡು’ ಅಂದ ಕೂಡಲೇ ನಾವು ದೂರದ ಗುಡ್ಡ ನೋಡುತ್ತೇವೆ. 2021ರ ಡಿಸೆಂಬರ್ 30ರಂದು ಇಲ್ಲಿ ಎದ್ದ ಮಾರ್ಷಲ್ ಬೆಂಕಿ ಹಬ್ಬಿದ್ದು ಹುಲ್ಲಿನಲ್ಲಿ. ಆ ವರ್ಷ ವಸಂತದ ಮಳೆಗೆ ಹುಲ್ಲು ಹುಲುಸಾಗಿ ಬೆಳೆದಿತ್ತು. ಆಮೇಲೆ ತಿಂಗಳುಗಟ್ಟಲೆ ಮಳೆ, ಹಿಮ ಎರಡೂ ಕಡಿಮೆ. ಆ ದಿನ ಗಾಳಿ ಗಂಟೆಗೆ 160 ಕಿ.ಮೀ. ದಾಟಿತ್ತು. ಸುಪೀರಿಯರ್ ಮತ್ತು ಲೂಯಿಸ್‌ವಿಲ್ ಊರುಗಳಲ್ಲಿ ಸಾವಿರಕ್ಕೂ ಜಾಸ್ತಿ ಮನೆಗಳು ಸುಟ್ಟುಹೋದವು. ಇಬ್ಬರು ತೀರಿಕೊಂಡರು. ಅಂಗಡಿ ಬೀದಿ, ಮಕ್ಕಳ ಆಟದ ಬಯಲು, ಸಾಲುಮನೆ ಇರುವ ಜಾಗ ಅದು, ಕಾಡಲ್ಲ. ಬಿರುಗಾಳಿಯ ಎಚ್ಚರಿಕೆ ಇತ್ತು, ಆದರೆ ತೇವಾಂಶ ಲೆಕ್ಕದಷ್ಟು ಇಳಿಯದ ಕಾರಣ ಅಂದು ರೆಡ್ ಫ್ಲ್ಯಾಗ್ ಇರಲಿಲ್ಲ. ಅದನ್ನು ನೆನೆದಾಗಲೆಲ್ಲ ಜನರಿಗೆ ತಿಳಿಯುವ ಒಂದು ಮಾತು ಎಷ್ಟು ಮುಖ್ಯ ಅನ್ನಿಸುತ್ತದೆ.

‘ಬಿಸಿಗಾಳಿ’ಯೂ ಆಗುವುದಿಲ್ಲ. ಅದು ಬೇಸಿಗೆಯ ಝಳಕ್ಕೆ ಮೀಸಲಾಗಿದೆ. ಇಲ್ಲಿನ ಗಾಳಿ ಚಳಿಗಾಲದಲ್ಲೇ ಜೋರು. ಪಶ್ಚಿಮದಿಂದ ಬೆಟ್ಟ ಹತ್ತುವಾಗ ನೀರನ್ನು ಅಲ್ಲೇ ಸುರಿಸಿ, ಈಚೆ ಇಳಿಯುವಾಗ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬೆಚ್ಚಗಾಗುತ್ತಾ ಒಣಗುತ್ತಾ ಬರುತ್ತದೆ. ಚಿನೂಕ್ ಅನ್ನುತ್ತಾರೆ.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಮ್ಮ ಅಂದರು: “ಹಂಗಾದ್ರೆ ಕಿಡಿ ಬೀಳಬಾರದ ಗಾಳಿ ಅನ್ನು.” ಅವರ ಅಪ್ಪ ತೋಟದಂಚಿನ ದರಗಿಗೆ ಬೆಂಕಿ ಕೊಡುವ ಮೊದಲು ಚಿಟಿಕೆ ಮಣ್ಣು ತೂರಿ ಗಾಳಿ ನೋಡುತ್ತಿದ್ದರಂತೆ. ಆ ಸಂಜೆ ಅಮ್ಮ ಹೊರಗಿನ ಮರದ ಜಗಲಿಯಲ್ಲಿ ತುಳಸಿ ಕುಂಡದ ಮುಂದೆ ದೀಪ ಹಚ್ಚಲಿಲ್ಲ. ಕುಂಡವನ್ನೇ ಎತ್ತಿ ಒಳಗೆ ತಂದು, ಅಡುಗೆಮನೆ ಸಿಂಕಿನ ಪಕ್ಕ ಇಟ್ಟು ಹಚ್ಚಿದರು. ಅವರಿಗೆ ವಿಷಯ ಪೂರ್ತಿ ಮುಟ್ಟಿತ್ತು.

ಅದಕ್ಕೇ ನನ್ನ ಸೂಚನೆ ‘ಕಿಡಿಗಾಳಿ ಎಚ್ಚರಿಕೆ’. ಕಿಡಿ ಸಣ್ಣದು, ಹೊತ್ತೊಯ್ಯುವುದು ಗಾಳಿ. ಮಾರ್ಷಲ್ ಬೆಂಕಿ ಮನೆಯಿಂದ ಮನೆಗೆ ಹಾರಿದ್ದೂ ಹಾಗೆಯೇ. ‘ಕಿಚ್ಚುಗಾಳಿ’ಯನ್ನೂ ಯೋಚಿಸಿದೆ, ಆದರೆ ಅದರಲ್ಲಿ ಸೆಕೆಯ ಅರ್ಥ ನುಸುಳುತ್ತದೆ.

ಇನ್ನೊಂದು ತೊಡಕು. ಇಂಥ ದಿನ ಬರಬಹುದು ಅಂತ ಒಂದೆರಡು ದಿನ ಮುಂಚೆ ಇಲಾಖೆ ಕೊಡುವ ‘ವಾಚ್’ ಸೂಚನೆಗೆ ಏನನ್ನುವುದು? ‘ಮುನ್ನೆಚ್ಚರಿಕೆ’ ಅಂದರೆ ನಾವು ತೆಗೆದುಕೊಳ್ಳುವ ಕ್ರಮ ಅಂತಾಗುತ್ತದೆ. ‘ಕಿಡಿಗಾಳಿ ಸುಳಿವು’ ಸಾಕೇ?

ಬಂಡೀಪುರ, ಚಾರ್ಮಾಡಿ, ಕುದುರೆಮುಖದ ಕಡೆಯವರು ದಯವಿಟ್ಟು ಹೇಳಿ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಾಗಲೂ ಗಾಳಿ ಜೋರಿತ್ತು. ಅಂಥ ಮಧ್ಯಾಹ್ನಕ್ಕೆ ಬೆಂಕಿ ಕಾಯುವವರು, ದನ ಮೇಯಿಸುವವರು ತಮ್ಮತಮ್ಮಲ್ಲಿ ಏನನ್ನುತ್ತಾರೆ? ಅವರ ಬಾಯಲ್ಲಿ ಆಗಲೇ ಪದ ಇದ್ದರೆ ನನ್ನದನ್ನು ಸಂತೋಷವಾಗಿ ಬಿಡುತ್ತೇನೆ. ಶನಿವಾರದೊಳಗೆ ತಿಳಿಸಿದರೆ ಚೀಟಿ ಅಚ್ಚು ಹಾಕಿಸುವ ಮೊದಲು ತಿದ್ದಿಕೊಳ್ಳುತ್ತೇನೆ.